ಪಾದಹಲಗೆಯ ಮೂರನೇ ಪಟ್ಟಿ

೧

ಈ ಕಥೆಯನ್ನು ಕಾರಿನಿಂದ ಶುರು ಮಾಡಲೋ ಹೊಟ್ಟೆಕಿಚ್ಚಿನಿಂದ ಶುರು ಮಾಡಲೋ ಎಂದು ಯೋಚಿಸುತ್ತ ಹದಿನೈದು ದಿನ ಕಳೆದೆ. ಕಾರಿನಿಂದ ಶುರು ಮಾಡಿದರೆ, ಕಾರಿನ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರುವ ಓದುಗರು ಮೊದಲ ಪುಟದಲ್ಲೇ ನನ್ನ ಕುತ್ತಿಗೆ ಹಿಡಿಯುತ್ತಾರೆ. (ನನಗೆ ಡ್ರೈವಿಂಗ್ ಬರುವುದಿಲ್ಲ. ಲೈಸೆನ್ಸ್ ಇದೆ. ಅದು ಬೇರೆ ಕಥೆ.) ಹೊಟ್ಟೆಕಿಚ್ಚಿನಿಂದ ಶುರು ಮಾಡೋಣವೆಂದರೆ ಆ ವಿಷಯದಲ್ಲಿ ನಾನೇ ಎಕ್ಸ್‌ಪರ್ಟ್; ಕಥೆ ರಾಮಸ್ವಾಮಿಯವರದ್ದಾಗುವ ಬದಲು ನನ್ನದಾಗಿಬಿಡುತ್ತದೆ.

ಮೊದಲ ಡ್ರಾಫ್ಟು ಹೀಗೆ ಆರಂಭವಾಗಿತ್ತು: "ಮಾಟುಂಗದ ಬೆಳಗು ಫಿಲ್ಟರ್ ಕಾಫಿಯ ಘಮದಲ್ಲಿ ಕಣ್ಣು ತೆರೆಯಿತು." ಹರಿದು ಹಾಕಿದೆ. ಮಾಟುಂಗದ ಬಗ್ಗೆ ಬರೆಯುವವರೆಲ್ಲ ಹೀಗೇ ಬರೆಯುತ್ತಾರೆ. ನಿಜವಾಗಿ ನಮ್ಮ ಬೀದಿ ಕಣ್ಣು ತೆರೆಯುವುದು ನೀರಿನ ಟ್ಯಾಂಕರು ರಿವರ್ಸ್ ಬರುವ ಸದ್ದಿಗೆ.

ಎರಡನೇ ಡ್ರಾಫ್ಟನ್ನು ರಾಮಸ್ವಾಮಿಯವರ ಕೈಗೇ ಕೊಟ್ಟೆ. ಅವರು ನಮ್ಮ ಬಿಲ್ಡಿಂಗಿನ ಮೂರನೇ ಮಹಡಿ, ನಾನು ಒಂದನೇದು. ಎರಡು ದಿನ ಬಿಟ್ಟು ಹಾಳೆಗಳು ವಾಪಸು ಬಂದವು. ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಅಚ್ಚು ಹಾಕಿದಂಥ ಅಕ್ಷರಗಳಲ್ಲಿ ಒಂದು ಸಾಲು: "ಇದರಲ್ಲಿ ನಾನು ಒಳ್ಳೆಯವನಾಗಿ ಕಾಣುತ್ತಿದ್ದೇನೆ. ಸರಿಪಡಿಸುವುದು."

ಹೀಗಾಗಿ ಇದು ಮೂರನೆಯದು. ಸರಿಪಡಿಸಿದ್ದೇನೆ.

೨

ರಾಮಸ್ವಾಮಿಯವರಿಗೆ ಅರವತ್ತಾರು. ಮೈಸೂರಿನ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಮುಂಬೈಗೆ ಬಂದು, ಹಡಗು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿ, ಅಲ್ಲೇ ರಿಟೈರ್ ಆದರು. ಅವರಿಗೆ ಕಾರಿಲ್ಲ. ಯಾವತ್ತೂ ಇರಲಿಲ್ಲ. ಆದರೆ ಎಂ.ಜಿ. ಎಂಬ ಇಂಗ್ಲೆಂಡಿನ ಕಂಪನಿ ಒಂದು ಕಾಲದಲ್ಲಿ ಮಾಡುತ್ತಿದ್ದ ಟಿ ಸೀರೀಸ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರುಗಳಿವೆಯಲ್ಲ, ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲೆ ಬಟ್ಟೆಯ ಮುಚ್ಚಳ, ಅವುಗಳ ವಿಷಯದಲ್ಲಿ ಈ ಊರಿನಲ್ಲಿ ಅವರನ್ನು ಮೀರಿಸಿದವರಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಪನಿಯ ಲೈಬ್ರರಿಯಲ್ಲಿ ಒಂದು ಹಳೆಯ ಮ್ಯಾಗಜಿನ್ನಿನೊಳಗೆ ಆ ಕಾರಿನ ಒಳಭಾಗವೆಲ್ಲ ಕಾಣುವಂಥ ಸೀಳುನಕ್ಷೆ ಕಂಡರಂತೆ. ಊಟದ ವಿರಾಮದಲ್ಲಿ ಅದನ್ನು ಟ್ರೇಸ್ ಮಾಡಲು ಕೂತರು. ಆಮೇಲೆ ಎದ್ದದ್ದೇ ಇಲ್ಲ ಎನ್ನಬಹುದು. ಐದು ಮಾಡೆಲ್, ಐದು ದೊಡ್ಡ ಹಾಳೆ, ಒಂದೊಂದು ಬೋಲ್ಟೂ ಅದರ ಜಾಗದಲ್ಲಿ. ಹಾಲಿನಲ್ಲಿ ತೂಗುಹಾಕಲು ಹೆಂಡತಿ ಅಮ್ಮಣ್ಣಿ ಒಪ್ಪಲಿಲ್ಲ. ಬಚ್ಚಲಿಗೆ ಹೋಗುವ ಪ್ಯಾಸೇಜಿನ ಗೋಡೆ ಕೊಟ್ಟರು.

ಆ ಐದು ಮಾಡೆಲ್‌ಗಳ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಸಣ್ಣದಾಗಿಸಿ ಬರೆಯುತ್ತೇನೆ:

"ಟಿಎ ಮೂವತ್ತಾರರಲ್ಲಿ ಬಂತು. ಎತ್ತರದ ತಂತಿ ಚಕ್ರ, ಮರದ ಹಂದರ, ಮೇಲೆ ತಗಡು. ಮೂವತ್ತೊಂಬತ್ತರಲ್ಲಿ ಟಿಬಿ. ಎಂಜಿನ್ ಹೊಸದು, ಮೈ ಹಳೇದು. ನಾಲ್ಕೈದು ತಿಂಗಳಾಗೋದರೊಳಗೆ ಯುದ್ಧ ಬಂತು, ಕಾರ್ಖಾನೆ ನಿಂತುಹೋಯ್ತು. ಪ್ರಪಂಚಕ್ಕೆಲ್ಲ ಸೇರಿ ಹುಟ್ಟಿದ್ದು ಮುನ್ನೂರ ಎಪ್ಪತ್ತೊಂಬತ್ತೇ ಟಿಬಿ. ಯುದ್ಧ ಮುಗಿದ ಮೇಲೆ ಅದೇ ಕಾರನ್ನ ಒಳಗೆ ನಾಲ್ಕಿಂಚು ಅಗಲ ಮಾಡಿ ಟಿಸಿ ಅಂತ ತಂದರು. ಹತ್ತು ಸಾವಿರ! ಆಮೇಲೆ ಟಿಡಿ: ಚಕ್ರ ಗಿಡ್ಡ, ಕೂತರೆ ಮೆತ್ತಗೆ. ಟಿಸಿ ಇದ್ದೋರೆಲ್ಲ 'ಇದೂ ಒಂದು ಕಾರಾ' ಅಂದ್ರು. ಆಮೇಲೆ ಟಿಎಫ್: ದೀಪಗಳು ಕೆನ್ನೆಯೊಳಗೆ ಹೂತ್ಕೊಂಡವು. ಟಿಡಿ ಇದ್ದೋರೆಲ್ಲ 'ಇದೂ ಒಂದು ಕಾರಾ' ಅಂದ್ರು. ಮಧ್ಯೆ ಟಿಇ ಅನ್ನೋದು ಬರಲೇ ಇಲ್ಲ. ಯಾಕೆ ಅಂತ ಮಾತ್ರ ಕೇಳಬೇಡ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

(ಗಮನಿಸಿದಿರಾ? ಹೊಸ ಮಾಡೆಲ್ ಬಂದಾಗಲೆಲ್ಲ ಹಳೆಯದನ್ನು ಕೊಂಡವನು ಹೊಟ್ಟೆ ಉರಿದುಕೊಂಡು ಅದಕ್ಕೆ 'ಅಭಿರುಚಿ' ಎಂದು ಹೆಸರಿಟ್ಟಿದ್ದಾನೆ. ನಮ್ಮ ಸಾಹಿತ್ಯದಲ್ಲೂ ಹೊಸ ತಲೆಮಾರು ಬಂದಾಗ... ಬೇಡ, ಬಿಡಿ.)

೩

ಕಿಂಗ್ಸ್ ಸರ್ಕಲ್ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಹಳೆಯ ಪಾರ್ಸಿ ಬಿಲ್ಡಿಂಗು. ಅದರ ಕಂಪೌಂಡಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಒಂದು ಎಂ.ಜಿ. ನಿಂತಿತ್ತು. ಟೈರು ನೆಲಕ್ಕಂಟಿತ್ತು. ಟಾರ್ಪಾಲು ಹರಿದ ಕಡೆ ಒಂದು ಹೆಡ್‌ಲೈಟು, ರೇಡಿಯೇಟರಿನ ಅರ್ಧ ಕಾಣುತ್ತಿತ್ತು, ಅಷ್ಟೆ. ರಾಮಸ್ವಾಮಿ ದಿನಾ ಬೆಳಿಗ್ಗೆ ಆ ಗೇಟಿನ ಮುಂದೆ ಎರಡು ನಿಮಿಷ ನಿಂತು ಆಮೇಲೆ ಟ್ರೇನಿಗೆ ಹೋಗುತ್ತಿದ್ದರು. ರಿಟೈರ್ ಆದಮೇಲೆ ಟ್ರೇನಿಲ್ಲದಿದ್ದರೂ ನಿಲ್ಲುವುದು ತಪ್ಪಲಿಲ್ಲ. ಒಟ್ಟು ಹತ್ತೊಂಬತ್ತು ವರ್ಷ.

ಕಾರಿನ ಒಡೆಯ ಜಾಲ್ ಬಾವಾ. ಒಂಟಿ ಮುದುಕ, ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬನಿಯನ್ ಹಾಕಿಕೊಂಡು ಕೂತಿರುತ್ತಿದ್ದ. ವರ್ಷಕ್ಕೊಮ್ಮೆ, ಪಾರ್ಸಿಗಳ ಹೊಸ ವರ್ಷದ ದಿನ, ರಾಮಸ್ವಾಮಿ ಕೆಳಗಿನಿಂದಲೇ ಕುತ್ತಿಗೆ ಎತ್ತಿ ಕೇಳುತ್ತಿದ್ದರು: "ಬಾವಾಜೀ, ಗಾಡಿ ದೇನಾ ಹೈ ಕ್ಯಾ?" ಮೇಲಿನಿಂದ ಉತ್ತರ: "ನಹೀಂ ರೇ ಡೀಕ್ರಾ. ಫಾರ್ಟಿ ಸೆವೆನ್ ಟಿಸಿ ಹೈ. ಮೇರಾ ಬಾಪ್ ಕಾ ಹೈ."

ಅಪ್ಪನ ಗಾಡಿ, ಕೊಡುವುದಿಲ್ಲ ಮಗಾ. ಹೀಗೆ ಹತ್ತೊಂಬತ್ತು ಸಲ.

ಹೋದ ವರ್ಷ ಜಾಲ್ ಬಾವಾ ತೀರಿಕೊಂಡ. ಹದಿನೈದು ದಿನಕ್ಕೆ ಟಾರ್ಪಾಲು ಇತ್ತು, ಅದರ ಕೆಳಗೆ ಏನೂ ಇರಲಿಲ್ಲ. ವಾಚ್‌ಮನ್ನನ್ನು ಕೇಳಿದರೆ, "ವೋ ಹೋಟೆಲ್ ವಾಲಾ ಅಕ್ಷಯ್ ಸೇಠ್ ಲೇಕೆ ಗಯಾ" ಎಂದ.

ಅಕ್ಷಯ ಎಂದರೆ ಉಡುಪಿ ಕಡೆಯ ಪೂವಪ್ಪನವರ ಮಗ. ಸರ್ಕಲ್ಲಿನ ಹತ್ತಿರ ಅಪ್ಪ ಕಟ್ಟಿದ ಹೋಟೆಲನ್ನು ನಡೆಸುತ್ತಿರುವವನು. ನಲವತ್ತೆರಡು ವರ್ಷ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಟಿಎ ಯಾವುದು ಟಿಎಫ್ ಯಾವುದು ಎಂದು ತಿಳಿಯದವನು. ಅವನು ಕಾರನ್ನು ಕೊಂಡಿರಲಿಲ್ಲ. ಜಾಲ್ ಬಾವಾ ಕಾಗದ ಬರೆದಿಟ್ಟು ಕೊಟ್ಟು ಹೋಗಿದ್ದ. ಕೊನೆಯ ಮೂರು ವರ್ಷ ಮುದುಕನಿಗೆ ಮಹಡಿ ಇಳಿಯಲು ಆಗದಾದಾಗ ಅಕ್ಷಯ ದಿನಾ ಬೆಳಿಗ್ಗೆ ಎರಡು ಇಡ್ಲಿ, ಒಂದು ಲೋಟ ಹಾಲು ತಾನೇ ತೆಗೆದುಕೊಂಡು ಹೋಗಿ, ಮುದುಕ ತಿಂದು ಮುಗಿಸುವವರೆಗೆ ಕೂತು ಬರುತ್ತಿದ್ದ.

"ಇಡ್ಲಿ ಕೊಟ್ಟು ಎಂ.ಜಿ. ಹೊಡ್ಕೊಂಡ," ಎಂದು ರಾಮಸ್ವಾಮಿ ಮನೆಗೆ ಬಂದು ಹೆಂಡತಿಗೆ ಹೇಳಿದರು.

"ನೀವು ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವಾದ್ರೂ ಮೆಟ್ಟಿಲು ಹತ್ತಿದ್ರಾ?" ಎಂದರು ಅಮ್ಮಣ್ಣಿ. ಬೀನ್ಸು ಮುರಿಯುತ್ತಿದ್ದರು, ತಲೆ ಎತ್ತಲಿಲ್ಲ.

ಆ ರಾತ್ರಿಯಿಂದ ರಾಮಸ್ವಾಮಿಗೆ ಅಕ್ಷಯನ ಹೋಟೆಲಿನ ಸಾಂಬಾರಿನಲ್ಲಿ ಸೋಡಾ ಇದೆ ಅನ್ನಿಸತೊಡಗಿತು. ಅದೇ ಸಾಂಬಾರನ್ನು ಮೂವತ್ತು ವರ್ಷ ಹೊಗಳಿದವರು.

೪

ನವೆಂಬರಿನಲ್ಲಿ ಅಕ್ಷಯನೇ ಮನೆಗೆ ಬಂದ. ಕೈಯಲ್ಲಿ ಮೈಸೂರು ಪಾಕಿನ ಡಬ್ಬ.

"ಸರ್, ಗಾಡಿಯನ್ನು ವಡಾಲದಲ್ಲಿ ಶೆಟ್ಟೆಪ್ಪನ ಗ್ಯಾರೇಜಿನಲ್ಲಿ ಇಟ್ಟಿದ್ದೇನೆ. ಫೆಬ್ರವರಿಯಲ್ಲಿ ವಿಂಟೇಜ್ ಶೋ ಉಂಟು. ನೀವು ಒಂದು ಸರ್ತಿ ಬಂದು ನೋಡ್ಬೇಕು ಮಾರಾಯ್ರೆ. ನಿಮ್ಮ ಓಕೆ ಇಲ್ಲದೆ ನಾನು ಶೋಗೆ ಹಾಕುದಿಲ್ಲ. ಎಲ್ಲರೂ ಹೇಳ್ತಾರೆ, ಟಿ ಸೀರೀಸ್ ಅಂದ್ರೆ ರಾಮಸ್ವಾಮಿ ಸರ್, ಬಸ್."

ಹೋದರು. ಶೆಟ್ಟೆಪ್ಪ ವಿಜಯಪುರದ ಕಡೆಯ ತಗಡಿನ ಕೆಲಸದವನು. ಅವನ ಶೆಡ್ಡಿನಲ್ಲಿ ಕಾರು ತೊಳೆಸಿಕೊಂಡು ನಿಂತಿತ್ತು. ಟಾರ್ಪಾಲಿಲ್ಲದೆ ಅದನ್ನು ನೋಡಿದ್ದು ಅದೇ ಮೊದಲು. ರಾಮಸ್ವಾಮಿ ಕನ್ನಡಕ ಒರೆಸಿಕೊಂಡರು.

ಬಾಗಿಲ ಕೆಳಗೆ ಕಾಲಿಟ್ಟು ಹತ್ತುವ ಪಾದಹಲಗೆಯ ಮೇಲೆ ಉದ್ದುದ್ದ ಲೋಹದ ಪಟ್ಟಿಗಳಿರುತ್ತವೆ. ಟಿಸಿಯಲ್ಲಿ ಎರಡು. ಇಲ್ಲಿ ಮೂರಿದ್ದವು.

ಅವರು ಮೊಣಕಾಲೂರಿ ಕೂತರು. ಹಿಂದಿನ ಚಕ್ರದ ಒಳಗೆ ಟಾರ್ಚು ಬಿಟ್ಟರು. ಟಿಸಿಯಲ್ಲಿ ಸ್ಪ್ರಿಂಗಿನ ತುದಿ ಒಂದು ಕೊಂಡಿಗೆ ತೂಗಿಕೊಂಡಿರುತ್ತದೆ. ಹಳೆಯ ಮಾಡೆಲ್‌ಗಳಲ್ಲಿ ಒಂದು ಗೂಡಿನೊಳಗೆ ಹಿಂದೆ ಮುಂದೆ ಜಾರುತ್ತದೆ. ಇಲ್ಲಿ ಗೂಡು ಇತ್ತು. ಎಂಜಿನ್ನು ಟಿಎಯದಲ್ಲ, ಹೊಸದು. ಮುಂದೆ ಬಂದು, ಕಾರಿನ ನಂಬರು ಕೆತ್ತಿರುವ ಜಾಗದಲ್ಲಿ, ತಳದ ಚೌಕಟ್ಟಿನ ತುದಿಯ ಮೇಲಿನ ದಪ್ಪ ಬಣ್ಣವನ್ನು ಹೆಬ್ಬೆರಳ ಉಗುರಿನಿಂದ ಕೆರೆದರು. ಟಿ. ಅದರ ಪಕ್ಕದ ಇಂಗ್ಲಿಷ್ ಅಕ್ಷರಕ್ಕೆ ಎರಡು ಹೊಟ್ಟೆ.

ಯುದ್ಧಕ್ಕೆ ಮೊದಲಿನ ಕಾರು ಎಲ್ಲೋ ಗೋಡೌನಿನಲ್ಲಿ ಬಿದ್ದಿದ್ದು, ನಲವತ್ತೇಳರಲ್ಲಿ ರಿಜಿಸ್ಟರ್ ಆಗಿದೆ; ಜಾಲ್ ಬಾವಾನ ಅಪ್ಪ ಟಿಸಿ ಅಂದುಕೊಂಡಿದ್ದಾನೆ; ಮಗನೂ ಹಾಗೇ ನಂಬಿದ್ದಾನೆ. ಮುನ್ನೂರ ಎಪ್ಪತ್ತೊಂಬತ್ತರಲ್ಲಿ ಒಂದು ಟಿಬಿ ಹತ್ತೊಂಬತ್ತು ವರ್ಷ ಅವರ ಕಣ್ಣೆದುರಿಗೆ ನಿಂತಿತ್ತು. ಈಗ ಅದು, ಹೊಟ್ಟೆ ತುಂಬಾ ಇಡ್ಲಿ ಬಡಿಸಿದ ಒಬ್ಬನದು.

"ಹೆಂಗೈತ್ರಿ ಸಾಹೇಬ್ರ?" ಎಂದ ಶೆಟ್ಟೆಪ್ಪ.

ಅಕ್ಷಯ ಬಾಯಿ ತೆರೆದುಕೊಂಡು, ಪರೀಕ್ಷೆಯ ರಿಸಲ್ಟು ಕಾಯುವವನ ಹಾಗೆ ನಿಂತಿದ್ದ. ರಾಮಸ್ವಾಮಿ ಆ ಮುಖವನ್ನೊಮ್ಮೆ ನೋಡಿದರು. ಮೇಲೆದ್ದು, ಬಣ್ಣ ಕೆರೆದ ಜಾಗದ ಮೇಲೆ ಅಂಗೈ ಊರಿ, ಹೇಳಿದರು:

"ಇದು ಒರಿಜಿನಲ್ ಟಿಸಿ ಅಲ್ಲ ಅಕ್ಷಯ್. ಟಿಸಿಗೆ ಎರಡು ಪಟ್ಟಿ ಇರಬೇಕು, ಇದಕ್ಕೆ ಮೂರಿದೆ. ಹಿಂದೆ ಕೊಂಡಿ ಇರಬೇಕು, ಇಲ್ಲ. ಒಳಗೆ ಅಗಲವೂ ನಾಲ್ಕಿಂಚು ಕಮ್ಮಿ."

ನೋಡಿ, ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ. ಎರಡನೇ ಡ್ರಾಫ್ಟಿನಲ್ಲಿ ನಾನು ಅವರಿಂದ ಸುಳ್ಳು ಹೇಳಿಸಿದ್ದೆ. ಅವರು ಪೆನ್ಸಿಲಿನಲ್ಲಿ ಹೊಡೆದುಹಾಕಿ ಬರೆದಿದ್ದರು: "ಸುಳ್ಳಾಗಿದ್ದರೆ ನಿದ್ದೆ ಬರುತ್ತಿರಲಿಲ್ಲ. ನಿಜ ಹೇಳಿದ್ದರಿಂದಲೇ ಅಷ್ಟು ಚೆನ್ನಾಗಿ ನಿದ್ದೆ ಬಂತು."

ಅಕ್ಷಯನ ಮುಖ ಬಾಡಿತು. "ಅಂದ್ರೆ ಯಾರೋ ಮಧ್ಯದಲ್ಲಿ ಹಾಳು ಮಾಡಿದ್ದಾರಾ? ಬಾವಾ ಅದನ್ನು ಟಿಸಿ ಟಿಸಿ ಅಂತ ಎಷ್ಟು ಪ್ರೀತಿಯಿಂದ ಹೇಳ್ತಾ ಇದ್ರು ಸರ್. ನೀವು ಒಂದು ಲಿಸ್ಟ್ ಮಾಡಿ ಕೊಡಿ. ಅವರು ಹೇಳಿದ ಹಾಗೇ ಪಕ್ಕಾ ಟಿಸಿ ಮಾಡಿಸ್ತೇನೆ."

ರಾಮಸ್ವಾಮಿ ಲಿಸ್ಟು ಮಾಡಿಕೊಟ್ಟರು. ಹನ್ನೊಂದು ಐಟಂ. ಅಚ್ಚು ಹಾಕಿದಂಥ ಅಕ್ಷರ.

(ಇಲ್ಲಿ ನಾನು ಬರವಣಿಗೆ ನಿಲ್ಲಿಸಿ ಮೂರನೇ ಮಹಡಿಗೆ ಹೋದೆ. "ಯಾಕೆ ಕೊಟ್ರಿ ಸಾರ್?" ಎಂದೆ. "ನಿನ್ನ ಗೆಳೆಯನ ಕಾದಂಬರಿಗೆ ಹೋದ ಸಲ ಬಹುಮಾನ ಬಂತಲ್ಲ, ಅವನು ಡ್ರಾಫ್ಟು ತೋರಿಸಿದಾಗ ಕೊನೆಯ ಅಧ್ಯಾಯ ಕಿತ್ತುಹಾಕು ಅಂತ ಹೇಳಿದ್ದೆಯಲ್ಲ, ಯಾಕೆ ಹೇಳಿದೆ?" ಎಂದರು. ಕೆಳಗೆ ಬಂದೆ.)

೫

ಆಮೇಲಿನ ಹತ್ತು ದಿನ ರಾಮಸ್ವಾಮಿ ಖುಷಿಯಾಗಿದ್ದರು. ಕೇಳಿದ್ದಕ್ಕಿಂತ ಹೆಚ್ಚು ತರಕಾರಿ ತಂದರು. ಕಪಾಟಿನ ಮುರಿದ ಹಿಡಿಕೆ ಸರಿ ಮಾಡಿದರು. ಅಮ್ಮಣ್ಣಿಗೆ ಅನುಮಾನ ಬಂತು.

"ಏನು, ಬೆಳಿಗ್ಗೆ ಎದ್ರೆ ಶಿಳ್ಳೆ ಹೊಡೀತಿದೀರಿ? ಯಾರಿಗೆ ಏನು ಮಾಡಿದ್ರಿ?"

"ಯಾರಿಗೂ ಏನೂ ಮಾಡಿಲ್ಲ ಕಣೇ."

"ಮಾಡಿಲ್ದೆ ಇದ್ರೆ ಇಷ್ಟು ಖುಷಿ ಆಗೋ ಜಾತಿಯಲ್ಲ ನೀವು."

ಹನ್ನೊಂದನೇ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಶೆಟ್ಟೆಪ್ಪನ ಫೋನು.

"ಸಾಹೇಬ್ರ, ನಿಮ್ಮ ಲಿಸ್ಟಿನ್ಯಾಗ ಆರನೇದು ಐತಲ್ರಿ, ಹಿಂದಿನ ಗೂಡು ತಗದು ಕೊಂಡಿ ಹಾಕೂದು. ಕೊಯ್ಯೂದು ಎಲ್ಲಿಂದ್ರಿ? ಬೆಸಿಗಿ ಗುಂಟನೋ, ಇಂಚ್ ಬಿಟ್ಟೋ? ಗ್ರೈಂಡರ್ ಕೈಯಾಗ ಐತ್ರಿ."

ರಾಮಸ್ವಾಮಿಗೆ ಆ ಗೂಡು ಕಣ್ಣಿಗೆ ಕಟ್ಟಿತು. ಎಂಬತ್ತೈದು ವರ್ಷದಿಂದ ಯಾರ ಕೈಯೂ ಬೀಳದ ಗೂಡು.

"ತಡಿ. ನಾನೇ ಬಂದು ತೋರಿಸ್ತೀನಿ."

"ಆತ್ರಿ. ಅರ್ಧಾ ತಾಸು ಕಾಯ್ತೀನಿ. ಮಧ್ಯಾಹ್ನಕ್ಕ ಬೇರೆ ಗಾಡಿ ಬರೂದೈತಿ."

(ಫೋನಿನಲ್ಲೇ 'ಕೊಯ್ಯಬೇಡ' ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. "ಎನ್ನಬಹುದಿತ್ತು," ಎಂದರು ಅಷ್ಟೆ.)

ಕಿಂಗ್ಸ್ ಸರ್ಕಲ್ಲಿನಿಂದ ವಡಾಲಕ್ಕೆ ಒಂದೇ ಸ್ಟೇಷನ್ನು. ಪ್ಲಾಟ್‌ಫಾರಮ್ಮಿಗೆ ಹೋಗುವುದಕ್ಕೂ ಲೋಕಲ್ ಬರುವುದಕ್ಕೂ ಸರಿಹೋಯಿತು. ರಾಮಸ್ವಾಮಿ ಬಾಗಿಲ ಕಂಬಿಯವರೆಗೆ ಕೈ ಚಾಚಿದರು. ಆಗ ಅಕ್ಷಯನ ಮುಖ ಕಂಡಿತು. 'ಇದು ಟಿಬಿ, ಮುನ್ನೂರ ಎಪ್ಪತ್ತೊಂಬತ್ತರಲ್ಲಿ ಒಂದು' ಎಂದು ತಾವು ಹೇಳುತ್ತಾರೆ. ಅವನ ಬಾಯಿ ಅಗಲವಾಗುತ್ತದೆ. 'ಅರೇ ಸರ್!' ಎನ್ನುತ್ತಾನೆ. ತಬ್ಬಿಕೊಂಡರೂ ತಬ್ಬಿಕೊಳ್ಳುತ್ತಾನೆ. ಕಾರು ಅವನದಾಗಿರುವುದನ್ನು ಹೇಗೋ ಸಹಿಸಬಹುದು. ಆ ಸಂತೋಷವನ್ನು ಅವನ ಮಡಿಲಿಗೆ ತಾವೇ ಒಯ್ದು ಹಾಕಬೇಕಲ್ಲ, ಅದು ಹೇಗೆ?

ಗಾಡಿ ರಷ್ ಇದೆ ಎಂದುಕೊಂಡು ಬಿಟ್ಟರು. ಗಾಡಿ ಖಾಲಿ ಇತ್ತು.

ಎರಡನೇ ಲೋಕಲ್ ಬಂತು. ಈ ಸಲ ನೆಪವನ್ನೂ ಹೇಳಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತು ಅದು ಹೋಗುವುದನ್ನು ನೋಡಿದರು. ಎದುರಿನ ಗೋಡೆಯ ಮೇಲೆ ಯಾರೋ ಎಲೆಯಡಿಕೆ ಉಗುಳಿದ್ದರು; ಅದನ್ನೇ ನೋಡುತ್ತಿದ್ದ ನೆನಪಂತೆ. ಮೂರನೆಯದಕ್ಕೆ ಹತ್ತಿದರು.

ಶೆಡ್ಡಿನ ಬೀದಿಗೆ ತಿರುಗುವಾಗಲೇ ಗ್ರೈಂಡರಿನ ಸದ್ದು ಕೇಳಿತು. ಓಡಿದರು. ಅರವತ್ತಾರನೇ ವಯಸ್ಸಿನಲ್ಲಿ, ಚಪ್ಪಲಿ ಹಾಕಿಕೊಂಡು, ಟ್ರಕ್ಕುಗಳ ನಡುವೆ. ಒಳಗೆ ಹೋದಾಗ ಶೆಟ್ಟೆಪ್ಪ ಎಡಗಡೆಯದನ್ನು ಮುಗಿಸಿ ಬಲಗಡೆಗೆ ಹೊರಳುತ್ತಿದ್ದ. ಅಕ್ಷಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಕೊಯ್ದ ಗೂಡು ನೆಲದ ಮೇಲೆ ಬಿದ್ದಿತ್ತು. ರಾಮಸ್ವಾಮಿ ಅದನ್ನು ಎತ್ತಿಕೊಂಡರು. ಇನ್ನೂ ಬಿಸಿ ಇತ್ತು. ಬೆರಳು ಸುಟ್ಟರೂ ಬಿಡಲಿಲ್ಲ.

"ನಿಲ್ಲಿಸು! ಶೆಟ್ಟೆಪ್ಪಾ, ನಿಲ್ಲಿಸು!"

ಗ್ರೈಂಡರು ನಿಂತಿತು.

"ಇದು ಟಿಸಿ ಅಲ್ಲ ಅಕ್ಷಯ್."

"ಗೊತ್ತುಂಟಲ್ಲ ಸರ್, ಅದಕ್ಕೇ ತಾನೇ..."

"ಟಿಬಿ. ಮೂವತ್ತೊಂಬತ್ತರದು. ಯಾರೂ ಏನೂ ಹಾಳು ಮಾಡಿರಲಿಲ್ಲ. ಎಲ್ಲ ಹೇಗಿರಬೇಕೋ ಹಾಗೇ ಇತ್ತು. ಇಂಥದ್ದು ಪ್ರಪಂಚದಲ್ಲಿ ನಾನೂರು ಕೂಡ ಹುಟ್ಟಲಿಲ್ಲ."

ಅಕ್ಷಯ ಚಹಾದ ಲೋಟ ಕೆಳಗಿಟ್ಟ. "ನಿಮಗೆ ಯಾವಾಗ ಗೊತ್ತಾಯ್ತು?"

"ಮೊದಲ ದಿನವೇ."

ಮೊದಲು ಮಾತಾಡಿದವನು ಶೆಟ್ಟೆಪ್ಪ. ಕಣ್ಣಿಗೆ ಕಟ್ಟಿದ್ದ ಕನ್ನಡಕ ಹಣೆಗೇರಿಸಿ, ಕೈಯಲ್ಲಿದ್ದ ಗ್ರೈಂಡರನ್ನೊಮ್ಮೆ ನೋಡಿ ಹೇಳಿದ: "ಹಂಗಾರ ನನ್ ಕೈಲೆ ಯಾಕ ಕೊಯ್ಸಿದ್ರಿ ಸಾಹೇಬ್ರ? ನಿಮ್ ಸಿಟ್ಟು ನಿಮಗಿತ್ತು. ನನ್ ಕೈ ಏನ್ ಮಾಡಿತ್ರಿ?"



"ನಾನು ನಿಮಗೆ ಏನು ಮಾಡಿದ್ದೆ ಸರ್?" ಎಂದ ಅಕ್ಷಯ. ದನಿಯಲ್ಲಿ ಕೋಪಕ್ಕಿಂತ ಗಲಿಬಿಲಿಯೇ ಹೆಚ್ಚಿತ್ತು.

"ನೀನು ಏನೂ ಮಾಡಲಿಲ್ಲ. ನಿನಗೆ ಸಿಕ್ತು."

ಅಕ್ಷಯ ಸ್ಟೂಲಿನಿಂದ ಎದ್ದ. ಆಮೇಲೆ ಹೇಳಿದ: "ಬಾವಾ ಒಂದೆರಡು ಸರ್ತಿ ನನ್ನನ್ನು ಕೇಳಿದ್ದರು. 'ವೋ ನೀಚೇವಾಲಾ ಮದ್ರಾಸಿ ಊಪರ್ ಕ್ಯೂಂ ನಹೀಂ ಆತಾ? ರೋಜ್ ಖಡಾ ರೆಹತಾ ಹೈ' ಅಂತ. ದಿನಾ ಕೆಳಗೆ ನಿಲ್ತಾನೆ, ಮೇಲೆ ಯಾಕೆ ಬರುದಿಲ್ಲ ಅಂತ. ನೀವು ಅಂತ ನಂಗೆ ಗೊತ್ತಿರ್ಲಿಲ್ಲ. ನೀವು ಈಗ ಹೋಗಿ ಸರ್. ಪ್ಲೀಸ್."

೬

ಇಲ್ಲಿಗೆ ಎರಡು ಮುಕ್ತಾಯ ಬರೆದಿದ್ದೆ.

ಒಂದರಲ್ಲಿ ಅಕ್ಷಯ ಊರ ಮುಂದೆ ಅವರ ಮಾನ ಕಳೆಯುತ್ತಾನೆ. ರಾಮಸ್ವಾಮಿ ಪ್ಯಾಸೇಜಿನ ಗೋಡೆಯಿಂದ ಐದೂ ನಕ್ಷೆ ಇಳಿಸಿ ಸುಡುತ್ತಾರೆ. ಅಮ್ಮಣ್ಣಿ ಓದಿ, "ನನ್ನ ಮನೇಲಿ ಬೆಂಕಿ ಹಾಕೋಕೆ ಯಾರು ಬಿಡ್ತಾರೆ?" ಎಂದರು. ಇನ್ನೊಂದರಲ್ಲಿ ಅಕ್ಷಯ ಅವರನ್ನು ಕ್ಷಮಿಸಿ ಸ್ಟೀರಿಂಗ್ ಕೈಗೆ ಕೊಡುತ್ತಾನೆ, ಮರೀನ್ ಡ್ರೈವಿನಲ್ಲಿ ಸೂರ್ಯಾಸ್ತ. ಅದನ್ನು ಓದಿದ ಅಕ್ಷಯ, "ನಾನು ಯಾವಾಗ ಕ್ಷಮಿಸಿದೆ?" ಎಂದು ಕೇಳಿದ. ಎರಡೂ ಕಸದ ಬುಟ್ಟಿಗೆ ಹೋದವು.

ನಡೆದದ್ದು ಇಷ್ಟು. ಐದು ದಿನ ಯಾರ ಫೋನೂ ಬರಲಿಲ್ಲ. ಆರನೇ ದಿನ ಶೆಟ್ಟೆಪ್ಪ ಕರೆದ: "ಆ ಗೂಡಿನ ನಕ್ಷಾ ಐತೇನ್ರಿ ನಿಮ್ಮಲ್ಲಿ? ಅಳತಿ ಇಲ್ಲದ ನಾ ಹೆಂಗ ಕೂಡಸ್ಲಿ?" ಇತ್ತು. ಟಿಬಿಯ ಹಾಳೆಯನ್ನು ಗೋಡೆಯಿಂದ ಇಳಿಸಿ, ಸುತ್ತಿಕೊಂಡು, ಮೊದಲ ಲೋಕಲ್ಲಿಗೇ ಹತ್ತಿದರು. ಆಮೇಲೆ ಆರು ವಾರ ದಿನಾ ಹೋದರು. ಕೊಯ್ದ ತುಂಡನ್ನೇ ವಾಪಸು ಕೂಡಿಸಿದರು, ನೂಲಿನಷ್ಟೂ ಆಚೀಚೆ ಆಗದಂತೆ. ಆದರೂ ಕಾರಿನ ಕೆಳಗೆ ಅಂಗಾತ ಮಲಗಿ ನೋಡಿದರೆ ಎಡಗಡೆ ಬೆಸುಗೆಯ ಗೆರೆ ಕಾಣುತ್ತದೆ; ಅದು ಇನ್ನು ಹೋಗುವುದಿಲ್ಲ. ಆ ಆರು ವಾರದಲ್ಲಿ ಅಕ್ಷಯ ಅವರ ಜೊತೆ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಆದರೆ ಹನ್ನೆರಡೂವರೆಗೆ ಮೂವರಿಗೂ ಊಟ ಬರುತ್ತಿತ್ತು. ಸಾಂಬಾರಿನಲ್ಲಿ ಸೋಡಾ ಇಲ್ಲವೆಂದು ಅವರು ಈಗ ಒಪ್ಪುತ್ತಾರೆ.

ಕಿಚ್ಚು ಆರಿತೇ? ಕೇಳಿದೆ. "ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ಅವನು ಸೀಟಿನಲ್ಲಿದ್ದ, ನಾನು ಬಾನೆಟ್ ಹತ್ತಿರ ಇದ್ದೆ," ಎಂದರು. "ಅಷ್ಟು ಉರಿ ನನಗೆ ಯಾವತ್ತೂ ಆಗಿರಲಿಲ್ಲ."

೭

ಫೆಬ್ರವರಿಯ ಒಂದು ಭಾನುವಾರ ಶೋ. ಫೋರ್ಟಿನ ಕಡೆ ಒಂದು ಮೈದಾನ, ನೂರಾರು ಹಳೆಯ ಕಾರು. ಕಾರಿನ ಮುಂದೆ 'ಟಿಬಿ, ೧೯೩೯' ಎಂಬ ಬೋರ್ಡು. ಕೆಳಗೆ ಅಕ್ಷಯನ ಹೆಸರು. ಅವನು ಹೊಸ ಬ್ಲೇಜರ್ ಹಾಕಿಕೊಂಡು ಬಂದಿದ್ದ. ರಾಮಸ್ವಾಮಿಯೂ ಅಮ್ಮಣ್ಣಿಯೂ ಬಂದಿದ್ದರು, ಕರೆದವನು ಶೆಟ್ಟೆಪ್ಪ.

ಯಾರೋ ಒಬ್ಬ ಬಂದು ಅಕ್ಷಯನನ್ನು ಕೇಳಿದ: ಟಿಬಿಗೂ ಟಿಸಿಗೂ ಏನು ವ್ಯತ್ಯಾಸ? ಅಕ್ಷಯ ತಡವರಿಸಿದ. ರಾಮಸ್ವಾಮಿ ಪಕ್ಕದಿಂದ ಒಂದು ಮಾತು ಸೇರಿಸಿದರು. ಆ ಮನುಷ್ಯ ಅವರ ಕಡೆ ತಿರುಗಿದ. ಇನ್ನೊಬ್ಬ ಬಂದ. ಹತ್ತು ಜನ, ಇಪ್ಪತ್ತು ಜನ. ಮೊಬೈಲು ಎತ್ತಿ ಹಿಡಿದವರು, ಪ್ರಶ್ನೆ ಕೇಳುವವರು. ಯಾರೋ "ಅಂಕಲ್, ಥೋಡಾ ಇಧರ್ ದೇಖಿಯೇ" ಎಂದು ಫೋಟೋ ಹೊಡೆದರು. ಗುಂಪು ದೊಡ್ಡದಾದ ಹಾಗೆ ಬ್ಲೇಜರಿನ ಅಕ್ಷಯ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಕೊನೆಗೆ ವೃತ್ತದ ಹೊರಗೆ, ತನ್ನ ಕಾರನ್ನು ತಾನೇ ನೋಡಲು ಬಂದವನ ಹಾಗೆ ನಿಂತ.

ರಾಮಸ್ವಾಮಿ ತಲೆಗಳ ಮೇಲಿನಿಂದ ಅವನ ಮುಖ ಕಂಡರು. ತುಟಿ ಬಿಗಿದುಕೊಂಡಿತ್ತು. ಕಣ್ಣು ಮಾತ್ರ ನಗಲು ಪ್ರಯತ್ನಿಸುತ್ತಿತ್ತು. ಆ ಮುಖ ಏನೆಂದು ಈ ಮೈದಾನದಲ್ಲಿ ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಹೇಳುತ್ತಿದ್ದ ವಾಕ್ಯ ಅರ್ಧಕ್ಕೆ ನಿಂತಿತು.

ಆಮೇಲೆ?

ನಾನು ಅಲ್ಲಿರಲಿಲ್ಲ. ಮೂವರನ್ನು ಕೇಳಿದ್ದೇನೆ.

"ತಕ್ಷಣ ಅವನನ್ನ ಒಳಗೆ ಕರೆದೆ," ಎನ್ನುತ್ತಾರೆ ರಾಮಸ್ವಾಮಿ. "ಜಾಲ್ ಬಾವಾನ ವಿಷಯ ನೀನೇ ಹೇಳಪ್ಪಾ ಅಂದೆ."

"ಕರೆದರು," ಎನ್ನುತ್ತಾರೆ ಅಮ್ಮಣ್ಣಿ. "ಆದರೆ ಮಾತು ಪೂರ್ತಿ ಮುಗಿಸಿ, ಚಪ್ಪಾಳೆ ಹೊಡೆಸಿಕೊಂಡ ಮೇಲೆ."

ನಾನು ಕೇಳಲು ಹೋದಾಗ ಅಕ್ಷಯ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ. ಎದುರಿಗೆ ಗಿರಾಕಿಗಳಿದ್ದರು. ಒಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟ.

"ಗದ್ದಲ ಇತ್ತು ಸರ್," ಎಂದ. "ಅವರ ಬಾಯಿ ಅಲ್ಲಾಡಿದ್ದು ಕಂಡಿತು. ನನ್ನ ಹೆಸರೋ, ಗಾಡಿಯ ಹೆಸರೋ, ಗೊತ್ತಾಗ್ಲಿಲ್ಲ."